ಬಿಚ್ಚದ ಪೆಟ್ಟಿಗೆಗೆ ಹಾಕಿದ ಸಹಿ

ಏಳನೇ ಹಾಸಿಗೆಯ ಬಸ್ ಡ್ರೈವರ್‌ಗೆ ಬೆಳಗಿನ ತಿಂಡಿಗೆ ಮುಂಚೆ ಇಪ್ಪತ್ತು ಯೂನಿಟ್ ಇನ್ಸುಲಿನ್ ಬರೆದಿತ್ತು. ಮೈಗೆ ಹೋದದ್ದು ಐವತ್ತು. ಒಂಬತ್ತೂವರೆಗೆ ಅವನಿಗೆ ಪ್ರಜ್ಞೆ ತಪ್ಪಿತು. ನಾಲ್ಕನೇ ದಿನ ತೀರಿಕೊಂಡ. ಐದನೇ ದಿನ, ಇಂಜೆಕ್ಷನ್ ಕೊಟ್ಟ ನರ್ಸನ್ನು ಕೆಲಸದಿಂದ ತೆಗೆದರು. ಅವಳ ನೋಂದಣಿಯನ್ನು ರದ್ದು ಮಾಡಿ, ಇನ್ನು ಮುಂದೆ ಯಾವ ಆಸ್ಪತ್ರೆಯಲ್ಲೂ ನರ್ಸಾಗಿ ದುಡಿಯದಂತೆ ಮಾಡಬೇಕೆಂದು ನರ್ಸಿಂಗ್ ಕೌನ್ಸಿಲಿಗೆ ಬರೆದರು. ಸಿರಿಂಜು ಕಳಿಸಿದ ಸ್ಟೋರನ್ನು ಯಾರೂ ಏನೂ ಕೇಳಲಿಲ್ಲ.

ಕೆಲಸ ಕಳೆದುಕೊಂಡವಳನ್ನು ವಾರ್ಡಿನಲ್ಲಿ ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಸಣ್ಣ ಮೈ, ಪುರುಸೊತ್ತಿಲ್ಲದ ಕಾಲು. ಮೂವತ್ತೆಂಟು ಹಾಸಿಗೆಯ ಗಂಡಸರ ವಾರ್ಡಿನಲ್ಲಿ ಬೆಳಗಿನ ಪಾಳಿಗೆ ಇಬ್ಬರೇ ನರ್ಸುಗಳು. ಒಬ್ಬಳು ರಜ ಹಾಕಿದರೆ ಇನ್ನೊಬ್ಬಳದ್ದೇ ಎರಡು ಕೈ, ರೋಗಿಗಳದ್ದು ಎಪ್ಪತ್ತಾರು ತೋಳು. ಆ ದಿನ ಗುಬ್ಬಿ ಒಬ್ಬಳೇ ಇದ್ದಳು. ಇದನ್ನೂ ಯಾರೂ ಕೇಳಲಿಲ್ಲ.

ವಾರ್ಡಿನ ಇನ್‌ಚಾರ್ಜ್ ನರ್ಸಿಗೂ ಒಂದು ಅಡ್ಡಹೆಸರಿತ್ತು. ಎದುರಿಗೆ ಅಕ್ಕ, ಬೆನ್ನು ತಿರುಗಿದರೆ ಪೊಲೀಸಮ್ಮ. ಅದು ಅವಳಿಗೆ ಗೊತ್ತಿತ್ತು; ಒಳಗೊಳಗೇ ಇಷ್ಟವೂ ಆಗಿತ್ತು. ಇಪ್ಪತ್ತಮೂರು ವರ್ಷದ ಸರ್ವಿಸು. ಟ್ರಾಲಿಯ ಗಾಲಿ ಕಿರುಗುಟ್ಟುವ ಸದ್ದಿನಲ್ಲೇ ಅದನ್ನು ಯಾವ ಹುಡುಗಿ ತಳ್ಳುತ್ತಿದ್ದಾಳೆಂದು ಹೇಳಬಲ್ಲವಳು. ಗುಬ್ಬಿಗೆ ಕೈಹಿಡಿದು ಸೂಜಿ ಚುಚ್ಚುವುದನ್ನು ಕಲಿಸಿದವಳೂ ಅವಳೇ. ಆದ್ದರಿಂದ ಗುಬ್ಬಿಯ ಕೈ ಇಪ್ಪತ್ತರ ಬದಲು ಐವತ್ತು ಎಳೆಯಿತೆಂಬ ಮಾತು ಅವಳ ಗಂಟಲಿಗಿಳಿಯಲಿಲ್ಲ.

ಗುಬ್ಬಿ ತನ್ನ ಬಟ್ಟೆಚೀಲ ಎತ್ತಿಕೊಂಡು ಗೇಟು ದಾಟಿದ ಮಧ್ಯಾಹ್ನ, ಪೊಲೀಸಮ್ಮ ಇಂಜೆಕ್ಷನ್ ಬೀರುವಿನ ಬಾಗಿಲು ತೆಗೆದು ಒಂದೊಂದೇ ಸಾಮಾನು ಹೊರಗಿಟ್ಟಳು. ಇನ್ಸುಲಿನ್ ಬಾಟಲಿಗಳು, ಎಲ್ಲವೂ ನೂರರವು. ಅಂದರೆ ಒಂದು ಮಿಲಿಯಲ್ಲಿ ನೂರು ಯೂನಿಟ್. ಅವಕ್ಕೆಂದೇ ಮಾಡಿದ ಸಿರಿಂಜು ಬೇರೆ, ಅದರ ಮುಚ್ಚಳ ಕಿತ್ತಳೆ ಬಣ್ಣದ್ದು. ನಲವತ್ತರ ಹಳೆಯ ಇನ್ಸುಲಿನ್ನಿಗೆ ಮಾಡಿದ ಸಿರಿಂಜಿನ ಮುಚ್ಚಳ ಕೆಂಪು. ಆ ವಾರ ವಾರ್ಡಿನಲ್ಲಿ ಇನ್ಸುಲಿನ್ ಇದ್ದದ್ದು ಡ್ರೈವರ್ ಒಬ್ಬನಿಗೇ; ಅವನಿಗೆಂದು ಆ ಬೆಳಗ್ಗೆ ಬಿಚ್ಚಿದ ಪೆಟ್ಟಿಗೆಯಲ್ಲಿ ಇದ್ದವೆಲ್ಲ ಕೆಂಪು. ವಾರ್ಡಿನ ಹಳದಿ ಬೆಳಕಿನಲ್ಲಿ ಕೆಂಪು ಯಾವುದು, ಕಿತ್ತಳೆ ಯಾವುದು? ಒಬ್ಬಳೇ ಓಡಾಡುತ್ತಾ ಮುಚ್ಚಳ ಕಿತ್ತೆಸೆದ ಮೇಲೆ ಉಳಿಯುವುದು ಗೆರೆಗಳು ಮಾತ್ರ.

ಒಂದು ಕೆಂಪು ಸಿರಿಂಜು ತೆಗೆದು ಇಪ್ಪತ್ತರ ಗೆರೆಯವರೆಗೆ ನೀರೆಳೆದಳು. ಆ ನೀರನ್ನು ತನ್ನ ಮೇಜಿನ ಡ್ರಾಯರಿನಲ್ಲಿ ಉಳಿದಿದ್ದ ಕಿತ್ತಳೆ ಸಿರಿಂಜಿಗೆ ಸುರಿದಳು. ಅದು ಐವತ್ತರ ಗೆರೆಗೆ ಹೋಗಿ ನಿಂತಿತು.

ಗುಬ್ಬಿ ಸರಿಯಾಗಿಯೇ ಎಳೆದಿದ್ದಳು. ಕೈಗೆ ಕೊಟ್ಟ ಅಳತೆಗೋಲೇ ಸುಳ್ಳು ಹೇಳಿತ್ತು.

ಇಂಡೆಂಟ್ ಪುಸ್ತಕ ಬಿಡಿಸಿದಳು. ವಾರ್ಡಿನಿಂದ ಕೇಳಿದ್ದು: ಇನ್ಸುಲಿನ್ ಸಿರಿಂಜು, ನೂರರದು. ಅಕ್ಷರ ಸ್ಪಷ್ಟವಾಗಿತ್ತು. ಸ್ಟೋರಿನಿಂದ ಬಂದ ಚೀಟಿಯಲ್ಲಿ: ಇನ್ಸುಲಿನ್ ಸಿರಿಂಜು, ಎರಡು ಪೆಟ್ಟಿಗೆ. ಎಷ್ಟರದು ಎಂಬ ಮಾತೇ ಇಲ್ಲ. ಅದರ ಕೆಳಗೆ ‘ಸರಿಯಾಗಿ ಸ್ವೀಕರಿಸಲಾಗಿದೆ’ ಎಂದು ಅಚ್ಚಾಗಿದ್ದ ಸಾಲು. ಸಾಲಿನ ಕೆಳಗೊಂದು ಸಹಿ.

ಸಹಿ ಅವಳದ್ದೇ.

ಪೆಟ್ಟಿಗೆ ಬಿಚ್ಚಿ ನೋಡುವ ಪದ್ಧತಿ ಆ ಆಸ್ಪತ್ರೆಯಲ್ಲಿ ಇರಲಿಲ್ಲ. ಸ್ಟೋರಿನವನು ಕೈಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿ, “ಬೇಗ ಹಾಕಮ್ಮಾ, ಇನ್ನೂ ಆರು ವಾರ್ಡಿದೆ” ಎನ್ನುವನು. ಇವಳು ಗೋಡೆಗೇ ಚೀಟಿ ಒತ್ತಿ ಸಹಿ ಗೀಚುವಳು. ಕೇಳಿದ್ದು ಒಂದು, ಬಂದದ್ದು ಇನ್ನೊಂದು ಆದರೆ, “ಇರೋದನ್ನ ಕಳಿಸಿದೀವಿ, ಹೊಂದಿಸ್ಕೊಳ್ಳಿ” ಎಂಬುದು ಸ್ಟೋರಿನ ಖಾಯಂ ಉತ್ತರ. ನರ್ಸುಗಳು ಹೊಂದಿಸಿಕೊಳ್ಳುತ್ತಿದ್ದರು. ದೊಡ್ಡ ಸೂಜಿ ಇಲ್ಲದಿದ್ದರೆ ಚಿಕ್ಕದರಲ್ಲಿ, ಇಬ್ಬರ ಕೆಲಸ ಒಬ್ಬಳಲ್ಲಿ. ಆ ಹೊಂದಾಣಿಕೆಗೆ ಮೇಲಿನವರು ಇಟ್ಟ ಹೆಸರು ಸೇವಾಭಾವ.

ಆ ಸಂಜೆ ಮನೆಯಲ್ಲಿ ಅವಳಿಗೆ ಊಟ ಸೇರಲಿಲ್ಲ. ಅತ್ತೆ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಓದು ಬರಹ ಇಲ್ಲದಿದ್ದರೂ ಯಾರ ಬಾಯನ್ನಾದರೂ ಬಿಡಿಸಿಬಿಡುವ ಹೆಂಗಸು. ಸೊಸೆ ಎಲ್ಲ ಹೇಳಿದಳು, ಸಹಿಯ ಮಾತನ್ನೂ.

ಅತ್ತೆ ಬೆಳ್ಳುಳ್ಳಿ ಕೆಳಗಿಟ್ಟರು. “ಅಲ್ವೇ, ಅಂಗಡಿಯಿಂದ ಬೇಳೆ ತಂದ್ರೆ ನನ್ನ ಮಗನ್ನ ಬಾಗಿಲಲ್ಲೇ ನಿಲ್ಲಿಸಿ ಚೀಲ ಬಿಚ್ಚಿ, ಹುಳ ಇದೆಯಾ ಅಂತ ಕೈ ಹಾಕಿ ನೋಡ್ತೀಯ. ಅಲ್ಲಿ ಜನರ ಮೈಗೆ ಹಾಕೋ ಸಾಮಾನಿನ ಪೆಟ್ಟಿಗೆ ಬಿಚ್ಚದೆ ಸಹಿ ಹಾಕ್ತೀಯಾ?”

“ಎಲ್ಲರೂ ಹಂಗೇ ಹಾಕೋದು ಅತ್ತೆ.”

“ಎಲ್ಲರ ವಿಷಯ ಯಾರು ಕೇಳಿದ್ರು? ನಾನು ನನ್ನ ಸೊಸೆ ವಿಷಯ ಕೇಳ್ತಿದೀನಿ.”

ಅತ್ತೆ ಬೆಳ್ಳುಳ್ಳಿಯ ತಟ್ಟೆಯನ್ನು ಅವಳ ಕಡೆಗೆ ಸರಿಸಿದರು. ಇಬ್ಬರೂ ಕೂತು ಸುಲಿದರು.

ಮರುದಿನ ಬೆಳಗ್ಗೆ ಎರಡೂ ಸಿರಿಂಜುಗಳನ್ನು ಕೈಚೀಲಕ್ಕೆ ಹಾಕಿಕೊಂಡು ಪೊಲೀಸಮ್ಮ ಗುಬ್ಬಿಯ ಮನೆಗೆ ಹೋದಳು. ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಗುಬ್ಬಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅಕ್ಕನನ್ನು ಕಂಡು ಎದ್ದು ಕೂತಳು. ಎರಡು ಕೈಗಳನ್ನೂ ತೊಡೆಯ ಕೆಳಗೆ ಇಟ್ಟುಕೊಂಡೇ ಮಾತಾಡಿದಳು.

“ಅಕ್ಕಾ, ಈ ಕೈ ನೋಡಿದ್ರೆ ನನಗೇ ಭಯ ಆಗುತ್ತೆ. ನಿನ್ನೆ ಅಣ್ಣನ ಮಗಳಿಗೆ ತಲೆ ಬಾಚೋಕೂ ಆಗ್ಲಿಲ್ಲ.”

ಪೊಲೀಸಮ್ಮ ಸಮಾಧಾನದ ಮಾತು ಹೇಳಲಿಲ್ಲ. ಒಂದು ಲೋಟ ನೀರು ತರಿಸಿದಳು. “ಇಪ್ಪತ್ತು ಎಳಿ” ಎಂದು ಕೆಂಪು ಮುಚ್ಚಳದ್ದನ್ನು ಕೈಗೆ ಕೊಟ್ಟಳು. ಗುಬ್ಬಿ ತೊಡೆಯ ಕೆಳಗಿನಿಂದ ಕೈ ತೆಗೆದು ಎಳೆದಳು. ಗೆರೆಗೆ ಸರಿಯಾಗಿ, ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲದೆ. “ಈಗ ಇದಕ್ಕೆ ಸುರಿ.” ಕಿತ್ತಳೆ ಸಿರಿಂಜಿನಲ್ಲಿ ನೀರು ಐವತ್ತಕ್ಕೆ ಏರಿತು.

ಗುಬ್ಬಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಅಳುತ್ತಾಳೆ ಎಂದು ಪೊಲೀಸಮ್ಮ ಕಾದಳು. ಗುಬ್ಬಿ ಅಳಲಿಲ್ಲ. ತಟ್ಟನೆ ತಲೆಯೆತ್ತಿ ಕೇಳಿದಳು: “ಅಕ್ಕಾ, ಈ ಪೆಟ್ಟಿಗೆ ನಮ್ಮ ವಾರ್ಡಿಗೆ ಮಾತ್ರ ಬಂದಿದ್ದಾ? ಬೇರೆ ವಾರ್ಡಿಗೂ ಹೋಗಿದೆಯಾ?”

ಪೊಲೀಸಮ್ಮನಿಗೆ ಅದು ಹೊಳೆದೇ ಇರಲಿಲ್ಲ; ಭಯವಾಯಿತು. ಬೆನ್ನಿಗೇ ಇನ್ನೊಂದು ಭಾವ ಉಕ್ಕಿ ಬಂತು. ಕೆಲಸ ಹೋಗಿದೆ, ಹೆಸರು ಹೋಗಿದೆ, ಪತ್ರಿಕೆಯಲ್ಲಿ ‘ನಿರ್ಲಕ್ಷ್ಯದ ನರ್ಸ್’ ಎಂದು ಅಚ್ಚಾಗಿದೆ. ಇಷ್ಟಾದ ಮೇಲೂ ಈ ಹುಡುಗಿಯ ಬಾಯಿಂದ ಬಂದ ಮೊದಲ ಮಾತು, ಮಿಕ್ಕ ರೋಗಿಗಳ ಗತಿಯೇನು ಎಂಬುದು. ಇವಳನ್ನು ನಾನು ಬೆಳೆಸಿದೆನಲ್ಲ ಎಂದು ಅವಳಿಗೆ ಹೆಮ್ಮೆಯಾಯಿತು.

“ನೀನು ಊಟ ಮಾಡು. ನಾನು ಓಡ್ತೀನಿ” ಎಂದವಳೇ ನಿಜಕ್ಕೂ ಓಡಿದಳು. ಆರು ವಾರ್ಡು ತಿರುಗಿದಾಗ ನಾಲ್ಕು ವಾರ್ಡುಗಳಲ್ಲಿ ಕೆಂಪು ಮುಚ್ಚಳದ ಪೆಟ್ಟಿಗೆ ಸಿಕ್ಕಿತು. ಹೆರಿಗೆ ವಾರ್ಡಿನಲ್ಲಿ ಒಬ್ಬಳು ನರ್ಸು ಅದೇ ಸಿರಿಂಜಿನ ಮುಚ್ಚಳ ತೆಗೆಯುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಪೆಟ್ಟಿಗೆಗಳೂ ಸ್ಟೋರಿನ ಕೌಂಟರ್ ಮೇಲಿದ್ದವು.

“ಇದೇನಮ್ಮಾ, ಹಬ್ಬದ ಉಡುಗೊರೆನಾ?” ಎಂದ ಸ್ಟೋರ್ ಕೀಪರ್.

“ವಾಪಸ್ ತಗೊಂಡು ಸರಿಯಾಗಿ ಸ್ವೀಕರಿಸಲಾಗಿದೆ ಅಂತ ಬರ್ಕೊಡಿ. ಬಿಚ್ಚಿ ಎಣಿಸಿ ಆಮೇಲೆ ಬರೀರಿ” ಎಂದಳು.

ಅವತ್ತೇ ಡ್ಯೂಟಿ ರೂಮಿನಲ್ಲಿ ನರ್ಸುಗಳನ್ನೆಲ್ಲ ಸೇರಿಸಿ, ಒಂದು ಹೊಸ ನೋಟ್‌ಬುಕ್ ಮೇಜಿನ ಮೇಲಿಟ್ಟಳು. “ತಪ್ಪು ಆಗಿದ್ರೆ, ಆಗೋದ್ರಲ್ಲಿದ್ರೆ, ಇದ್ರಲ್ಲಿ ಬರೀಬೇಕು. ಯಾರು ಅಂತ ಬೇಡ. ಹೇಗಾಯ್ತು, ಹೇಗೆ ಸಿಕ್ತು, ಅಷ್ಟು ಸಾಕು.”

ಗುಬ್ಬಿಯ ತಲೆದಂಡ ಆಗಿ ಒಂದೇ ದಿನ. ತಪ್ಪನ್ನು ಬರೆದುಕೊಡುವ ಹುಚ್ಚು ಯಾರಿಗಿದೆ? “ನೀವೇ ಶುರು ಮಾಡಿ ಅಕ್ಕಾ” ಎಂದು ಹಿಂದಿನಿಂದ ಒಬ್ಬಳು ಗೊಣಗಿದಳು. ಹಾಸ್ಯಕ್ಕೆ ಅಂದದ್ದು.

ಪೊಲೀಸಮ್ಮ ಪೆನ್ನು ತೆಗೆದಳು. ಮೊದಲ ಪುಟದಲ್ಲಿ ಬರೆದಳು: “ಸಿರಿಂಜಿನ ಪೆಟ್ಟಿಗೆ ಬಿಚ್ಚಿ ನೋಡದೆ ಸಹಿ ಹಾಕಿದೆ. ಆ ಸಿರಿಂಜಿನಿಂದ ಏಳನೇ ಹಾಸಿಗೆಯವರು ಹೋದರು.” ಯಾರೆಂದು ಬರೆಯಬೇಕಿಲ್ಲ ಎಂದವಳು ತಾನೇ ಕೆಳಗೆ ಸಹಿ ಹಾಕಿದಳು. ನೋಟ್‌ಬುಕ್ ಕೈಯಿಂದ ಕೈಗೆ ಹೋಯಿತು. ಗೊಣಗಿದವಳು ಓದಿ, ಪೆನ್ನು ಕೇಳಿದಳು.

ಹೊಸ ಪದ್ಧತಿಗಳು ಒಂದೊಂದಾಗಿ ಬಂದವು. ಯಾವ ಸಾಹೇಬನೂ ಹೇಳಿಕೊಟ್ಟದ್ದಲ್ಲ, ನೋಟ್‌ಬುಕ್ಕಿನಿಂದಲೇ ಹುಟ್ಟಿದ್ದು. ಪೆಟ್ಟಿಗೆ ಬಿಚ್ಚದೆ ಸಹಿ ಇಲ್ಲ. ಇನ್ಸುಲಿನ್ ಕೊಡುವಾಗ ಇಬ್ಬರು ನಿಂತು ಒಬ್ಬಳು ಗಟ್ಟಿಯಾಗಿ ಓದಬೇಕು, ಇನ್ನೊಬ್ಬಳು ಕಣ್ಣಾರೆ ನೋಡಿ ಹ್ಞೂಂ ಎನ್ನಬೇಕು. ಹಾಸಿಗೆಯ ಸಂಖ್ಯೆ ನೋಡಿ ಔಷಧ ಕೊಡಬಾರದು, ಹೆಸರು ಕೇಳಿ ಕೊಡಬೇಕು. ಡಾಕ್ಟರು ಬರೆದ ಅಂಕಿ ಅರ್ಥವಾಗದಿದ್ದರೆ ಊಹೆ ಮಾಡುವಂತಿಲ್ಲ, ಫೋನ್ ಮಾಡಿ ಬೈಸಿಕೊಂಡಾದರೂ ಕೇಳಬೇಕು. ಔಷಧದ ಟ್ರಾಲಿಯ ಹಿಂದೆ ನಿಂತವಳು ಹಸಿರು ಏಪ್ರನ್ ಹಾಕಿರುತ್ತಾಳೆ. ಆಗ ಅವಳನ್ನು ಯಾರೂ ಮಾತಾಡಿಸುವಂತಿಲ್ಲ. ಒಂದು ದಿನ ಹಿರಿಯ ಸರ್ಜನ್ ಬಂದು, “ಸಿಸ್ಟರ್, ಪೆನ್ ಕೊಡಿ” ಎಂದರು. ಹುಡುಗಿ ಮಾತಾಡದೆ ತನ್ನ ಏಪ್ರನ್ ತೋರಿಸಿದಳು. ಸರ್ಜನ್ ಕಣ್ಣು ಕೆಂಪಗೆ ಮಾಡಿಕೊಂಡು ನಿಂತರು. ಹುಡುಗಿ ಎಂಟು ಮಾತ್ರೆ ಎಣಿಸಿ ಮುಗಿಸಿ, ಆಮೇಲೆ ಪೆನ್ನು ಕೊಟ್ಟಳು. ಆ ವಾರವೆಲ್ಲ ನರ್ಸುಗಳ ಊಟದ ಡಬ್ಬಿಯ ಸುತ್ತ ಅದೇ ಮಾತು.

ಮೂರನೇ ಹಾಸಿಗೆಗೆ ಬಂದ ಡ್ರಿಲ್ ಮೇಷ್ಟ್ರು ಮೊದಮೊದಲು ರೇಗಿದರು. “ಏನಮ್ಮಾ, ನನ್ನ ಹೊಟ್ಟೇನು ಶಾಲೆ ಮೈದಾನವಾ, ಇಬ್ಬಿಬ್ಬರು ಬಂದು ಕೂಗೋಕೆ?”

“ಬಾಟ್ಲಿ ನೂರು” ಎಂದಳು ಒಬ್ಬಳು. “ಸಿರಿಂಜ್ ನೂರು” ಎಂದಳು ಮತ್ತೊಬ್ಬಳು.

ಮೂರು ದಿನದಲ್ಲಿ ಮೇಷ್ಟ್ರಿಗೆ ಅದು ಬಾಯಿಪಾಠವಾಯಿತು. ಆಮೇಲೆ ನರ್ಸು ಹತ್ತಿರ ಬರುವ ಮುಂಚೆಯೇ ಪರೇಡಿನ ಗಂಟಲಲ್ಲಿ, “ಬಾಟ್ಲೀ?” ಎಂದು ಅಬ್ಬರಿಸುವರು. “ನೂರು ಸಾರ್!” ಅಕ್ಕಪಕ್ಕದ ಹಾಸಿಗೆಯವರೂ ಕಲಿತರು. ಅದುವರೆಗೆ ಮೈ ಒಪ್ಪಿಸಿ ಕಣ್ಣು ಮುಚ್ಚುತ್ತಿದ್ದ ಜನ, “ಈ ಮಾತ್ರೆ ನಿನ್ನೆ ಬಿಳಿ ಇತ್ತು, ಇವತ್ಯಾಕೆ ಹಳದಿ?” ಎಂದು ಕೇಳತೊಡಗಿದರು. ಎರಡು ಸಲ ರೋಗಿಯ ಪ್ರಶ್ನೆಯಿಂದಲೇ ತಪ್ಪು ಸಿಕ್ಕಿತು. ಅದನ್ನೂ ಬರೆದರು.

ಅದೇ ದಿನಗಳಲ್ಲಿ ಡ್ರೈವರ್‌ನ ಹೆಂಡತಿ ಗಂಡನ ಕನ್ನಡಕ ಕೇಳಿಕೊಂಡು ಬಂದಳು. ಕನ್ನಡಕ ಕೊಟ್ಟು ಕಳಿಸಿಬಿಡಬಹುದಿತ್ತು. ಪೊಲೀಸಮ್ಮ ಅವಳನ್ನು ಕೂರಿಸಿ ಎಲ್ಲ ಹೇಳಿದಳು. ಪೆಟ್ಟಿಗೆ, ಚೀಟಿ, ತನ್ನ ಸಹಿ.

ಆ ಹೆಂಗಸು ಕನ್ನಡಕವನ್ನು ಸೆರಗಿನ ತುದಿಗೆ ಸುತ್ತಿಕೊಂಡಳು. “ಇಷ್ಟು ದಿನ ಆ ಹುಡುಗಿಗೆ ಶಾಪ ಹಾಕ್ತಿದ್ದೆ. ಅವಳೇ ಕೊಂದ್ಲು ಅಂತ ಇಲ್ಲಿಯವರೇ ಹೇಳಿದ್ರು.”

“ನನಗೂ ಹಾಕಿ. ಬೇಡ ಅನ್ನಲ್ಲ.”

“ಶಾಪ ಇಟ್ಕೊಂಡು ನಾನೇನು ಮಾಡ್ಲಿ ಅಕ್ಕಾ? ಈಗ ಹೇಳಿದ್ರಲ್ಲ, ಅದನ್ನ ಬರೆದು ಕೊಡ್ತೀರಾ?”

“ಕೊಡ್ತೀನಿ” ಎಂದಳು ಪೊಲೀಸಮ್ಮ.

ಎಂಟು ತಿಂಗಳಲ್ಲಿ ನೋಟ್‌ಬುಕ್ಕಿನಲ್ಲಿ ಆ ಮೊದಲ ಪುಟ ಬಿಟ್ಟು ಎಪ್ಪತ್ತೊಂದು ಬರಹ. ಅರವತ್ತೊಂಬತ್ತು ಟ್ರಾಲಿಯ ಹತ್ತಿರವೇ ಸಿಕ್ಕಿಬಿದ್ದವು. ಎರಡು ಮಾತ್ರ ರೋಗಿಯನ್ನು ಮುಟ್ಟಿದವು. ಕೂಡಲೇ ಗೊತ್ತಾಗಿ ಏನೂ ಕೆಡಲಿಲ್ಲ. ಪಕ್ಕದ ವಾರ್ಡಿನವರು ಬಂದು ಹಸಿರು ಏಪ್ರನ್ನಿನ ಅಳತೆ ತೆಗೆದುಕೊಂಡು ಹೋದರು. ಹೆರಿಗೆ ವಾರ್ಡಿನವರು ತಮ್ಮದೇ ನೋಟ್‌ಬುಕ್ ತೆರೆದರು. ಬೆಳಗಿನ ಪಾಳಿಗೆ ಮೂರನೆಯವಳು ಬೇಕೆಂದು ಮೂರು ವಾರ್ಡಿನ ನರ್ಸುಗಳು ಒಟ್ಟಾಗಿ ಅರ್ಜಿ ಬರೆದು, ಒಟ್ಟಾಗಿ ಹೋಗಿ, ಒಟ್ಟಾಗಿ ಬಾಗಿಲಲ್ಲಿ ನಿಂತು, ಕೊನೆಗೂ ಪಡೆದರು.

ಮೇಲಿನವರ ಕಣ್ಣಿಗೆ ಇದು ಬಿತ್ತು. ಸೂಪರಿಂಟೆಂಡೆಂಟ್ ಸಾಹೇಬರಿಂದ ಕರೆ ಬಂತು, ಮಧ್ಯಾಹ್ನ ಒಂದೂವರೆಗೆ.

“ಕೂತ್ಕೊಳ್ಳಿ ಸಿಸ್ಟರ್, ಕೂತ್ಕೊಳ್ಳಿ.” ಸಾಹೇಬರು ಎಂದೂ ಯಾವ ನರ್ಸಿಗೂ ಕುರ್ಚಿ ತೋರಿಸಿದವರಲ್ಲ. “ಟೀ ತಗೋತೀರಾ? ನಿಮ್ಮ ವಾರ್ಡಿನ ವಿಷಯ ಎಲ್ಲರ ಬಾಯಲ್ಲೂ ಇದೆ. ನಿಮ್ಮ ಪದ್ಧತಿನ ಇಡೀ ಆಸ್ಪತ್ರೆಗೆ ತರೋಣ ಅಂತ ಮಾಡಿದೀವಿ. ನರ್ಸಿಂಗ್ ಮುಖ್ಯಸ್ಥೆ ಜಾಗ ಖಾಲಿ ಇದೆಯಲ್ಲ, ನಿಮ್ಮ ಹೆಸರೇ ಇದೆ.”

ಅವಳಿಗೆ ಖುಷಿಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಏಳು ವಾರ್ಡಿನಲ್ಲೂ ಹಸಿರು ಏಪ್ರನ್ ತೊಟ್ಟ ಹುಡುಗಿಯರು ಒಂದು ಗಳಿಗೆ ಕಣ್ಣ ಮುಂದೆ ನಡೆದುಹೋದರು.

“ಇದೊಂದು ಸಣ್ಣ ಕೆಲಸ ಬಾಕಿ ಇದೆ.” ಸಾಹೇಬರು ಟೈಪಾದ ಒಂದು ಹಾಳೆಯನ್ನು ಅವಳ ಕಡೆಗೆ ತಳ್ಳಿ, ಪೆನ್ನಿನ ಕ್ಯಾಪು ತೆಗೆದು ಪಕ್ಕದಲ್ಲಿಟ್ಟರು. “ಕೌನ್ಸಿಲ್ ಮುಂದಿನ ವಾರ ಆ ಹುಡುಗಿ ಕೇಸು ಮುಗಿಸುತ್ತೆ. ವಾರ್ಡ್ ಇನ್‌ಚಾರ್ಜ್ ಹೇಳಿಕೆ ಬೇಕಂತೆ.”

ಅವಳು ಗಟ್ಟಿಯಾಗಿ ಓದಿದಳು. “ಘಟನೆಯ ದಿನ ವಾರ್ಡಿನಲ್ಲಿ ಸರಿಯಾದ ಸಿರಿಂಜುಗಳು ಸಾಕಷ್ಟು ಲಭ್ಯವಿದ್ದವು. ಶುಶ್ರೂಷಕಿಯ ವೈಯಕ್ತಿಕ ನಿರ್ಲಕ್ಷ್ಯವೇ ಸಾವಿಗೆ ಕಾರಣ.” ಹಾಳೆ ಕೆಳಗಿಟ್ಟಳು. “ಸರಿಯಾದ ಸಿರಿಂಜು ಇರ್ಲಿಲ್ಲ ಸಾರ್.”

“ಇತ್ತು ಅಂದ್ಕೊಳ್ಳಿ.”

“ಹಂಗೆ ಅಂದ್ಕೊಂಡು ಸಹಿ ಹಾಕಿದ್ದಕ್ಕೇ ಸಾರ್, ಒಬ್ಬರ ಪ್ರಾಣ ಹೋಯ್ತು.”

ಸಾಹೇಬರ ನಗು ತುಟಿಯಲ್ಲೇ ನಿಂತಿತು. “ನೋಡಿ, ಸ್ಟೋರಿನ ತಪ್ಪು ಅಂದ್ರೆ ಆ ಚೀಟಿ ಹೊರಗೆ ಬರುತ್ತೆ. ಚೀಟೀಲಿ ನಿಮ್ಮ ಸಹಿ ಇದೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ.”

“ಹೊರಗೆ ಬಂದು ಎಂಟು ತಿಂಗಳಾಯ್ತು. ಡ್ಯೂಟಿ ರೂಮಿನ ಮೇಜಿನ ಮೇಲೇ ಇದೆ, ನನ್ನ ಕೈಬರಹದಲ್ಲಿ. ಮನೇಲಿ ನಮ್ಮತ್ತೆಗೂ ಗೊತ್ತು. ಅವರಿಗಿಂತ ದೊಡ್ಡ ವಿಚಾರಣೆ ನೀವು ಮಾಡಲ್ಲ ಬಿಡಿ.”

“ತಮಾಷೆ ಬೇಡ. ಕೆಲಸ ಬಿಟ್ಟು ಹೋದವಳಿಗೋಸ್ಕರ ನೀವ್ಯಾಕೆ ತಲೆ ಕೊಡ್ತೀರಿ?”

“ಅವಳು ಬಿಟ್ಟು ಹೋಗ್ಲಿಲ್ಲ, ನೀವು ತೆಗೆದ್ರಿ.” ಪೊಲೀಸಮ್ಮನ ದನಿ ಏರಲಿಲ್ಲ, ಔಷಧದ ಹೆಸರು ಓದುವ ದನಿ ಅದು, ಒಂದೊಂದು ಅಕ್ಷರವೂ ಬಿಡಿಬಿಡಿ. “ಅವಳಿಗೋಸ್ಕರವೂ ಹೌದು. ಆದರೆ ಗುಬ್ಬಿ ಕೆಟ್ಟವಳು ಅಂತ ಬರೆದ್ರೆ ಸಿರಿಂಜು ಒಳ್ಳೇದು ಅಂತ ಆಗುತ್ತೆ ಸಾರ್. ಆ ಚೀಟಿ ಸರಿ ಇತ್ತು ಅಂತ ಆಗುತ್ತೆ. ಒಬ್ಬಳೇ ಮೂವತ್ತೆಂಟು ಜನರನ್ನ ನೋಡ್ಕೋಬೋದು ಅಂತ ಆಗುತ್ತೆ. ನಾಳೆ ಸ್ಟೋರಿನವರು ಮತ್ತೆ ಇರೋದನ್ನ ಕಳಿಸ್ತಾರೆ. ಅರವತ್ತೊಂಬತ್ತು ಸಲ ನನ್ನ ಹುಡುಗೀರು ಹಿಡಿದು ನಿಲ್ಲಿಸಿದಾರಲ್ಲ, ಅಷ್ಟೂ ನೀರಲ್ಲಿ ಹೋಗುತ್ತೆ. ಈ ತಿಪ್ಪೆ ಸಾರಿಸೋ ಕೆಲಸಕ್ಕೆ ನಾನು ಬರಲ್ಲ.”

ಕೈಚೀಲದಿಂದ ಒಂದು ಲಕೋಟೆ ತೆಗೆದು, ಸಾಹೇಬರ ಹಾಳೆಯ ಮೇಲೆ ಇಟ್ಟಳು. “ನನ್ನ ಹೇಳಿಕೆ ಇದು. ಇಂಡೆಂಟು, ಚೀಟಿ, ಎರಡರ ಪ್ರತಿ ಒಳಗಿದೆ. ನನ್ನ ತಪ್ಪೂ ಬರೆದಿದೀನಿ. ವಾರ್ಡಿನ ಎಲ್ಲ ನರ್ಸುಗಳೂ ಓದಿ ಸಹಿ ಹಾಕಿದಾರೆ. ಕೌನ್ಸಿಲಿಗೆ ಒಂದು ಹೋಗಿದೆ, ಡ್ರೈವರ್ ಹೆಂಡತಿಗೆ ಒಂದು ಕೊಟ್ಟಿದೀನಿ. ಆಸ್ಪತ್ರೆಗೆ ತಲುಪಿದೆ ಅಂತ ನೀವು ಇದಕ್ಕೆ ಮೊಹರು ಹಾಕಿಕೊಡ್ಬೇಕು.”

ಸಾಹೇಬರು ಲಕೋಟೆ ಮುಟ್ಟಲಿಲ್ಲ. ಮುಖ ಕಪ್ಪಿಟ್ಟಿತ್ತು. “ಇದನ್ನ ತಗೊಂಡು ಹೊರಗೆ ಹೋಗಿ. ಎರಡು ಗಂಟೆ ಆಗ್ತಾ ಬಂತು, ನಿಮ್ಮ ವಾರ್ಡಲ್ಲಿ ಔಷಧ ಕೊಡೋ ಹೊತ್ತು.”

“ಗೊತ್ತು ಸಾರ್. ಕೊಡ್ತಾರೆ. ನಾನು ಪಕ್ಕದಲ್ಲಿ ನಿಲ್ಲದಿದ್ರೂ ಸರಿಯಾಗಿ ಕೊಡೋ ಹಾಗೆ ಕಲಿತಿದಾರೆ.”

ಸಾಹೇಬರು ಎದ್ದು ನಿಂತರು, ಬಾಗಿಲ ಕಡೆ ಕೈ ತೋರಿಸಿದರು. “ಎದ್ದೇಳಿ ಅಂದೆ.”

ಪೊಲೀಸಮ್ಮ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಳು.

“ಏಳಲ್ಲ ಸಾರ್” ಎಂದಳು. “ಮೊಹರು ಹಾಕಿ.”